ಗರಗಸ ಮಂಡಲ ಮತ್ತು ಮಹಬೂಬ್ ಪಾಷಾನ ದುಹಾಯಿ

ಖಾಜಾಗುಡದ ಬಂಡೆಗಳ ನಡುವೆ ಮೊದಲು ಕಿವಿಗೆ ಬಿದ್ದದ್ದು ಒಗ್ಗರಣೆಯ ಸದ್ದು. ಕಾದ ಬಾಣಲೆಗೆ ಹಸಿ ಕರಿಬೇವು ಬಿದ್ದಾಗ ಏಳುವಂಥ ಚರಚರ ಸದ್ದು. ಆದರೆ ಅಡುಗೆಮನೆಯದು ಒಡನೆಯೇ ಅಡಗುತ್ತದೆ, ಇದು ಅಡಗಲಿಲ್ಲ. ಡಿಸೆಂಬರಿನ ಬೆಳಗು, ಬಿಸಿಲು ಆಗಷ್ಟೇ ಕಲ್ಲಿಗೆ ತಾಗಿತ್ತು. ಮುಂದೆ ನಡೆಯುತ್ತಿದ್ದ ಗೆಳೆಯರು ಕೈಯನ್ನು ಅಡ್ಡ ಹಿಡಿದು ನಿಂತುಬಿಟ್ಟರು. ಎರಡು ಹೆಜ್ಜೆಯಾಚೆ, ಒಣಗಿದ ಹುಲ್ಲಿನ ಬುಡದ ಚಪ್ಪಟೆ ಕಲ್ಲಿನ ಮೇಲೆ, ಬಿಚ್ಚಿ ಅಳೆದರೆ ಒಂದೂವರೆ ಗೇಣೂ ಮೀರದ ಹಾವೊಂದು ತನ್ನ ಮೈಯನ್ನೇ ತನ್ನ ಮೈಗೆ ಉಜ್ಜಿಕೊಳ್ಳುತ್ತಿತ್ತು. ಸುರುಳಿಗಳು ಒಂದರ ಮೇಲೊಂದು ಜಾರುತ್ತಿದ್ದವು. ನಡುವಿನ ತಲೆ ಮಾತ್ರ ಅಲುಗಲಿಲ್ಲ.

ಅಮೆರಿಕದ ಮರುಭೂಮಿಯ ಅಂಚಿನ ಊರುಗಳಲ್ಲಿ ನೆಲೆಸಿರುವ ನಮ್ಮವರು ಗಿಲಿಕೆ ಹಾವಿನ ಕಥೆಗಳನ್ನು ಹೇಳುವುದುಂಟು. ಬಾಲದ ತುದಿಯಲ್ಲಿ ಕೊಂಬಿನ ಪದಾರ್ಥದ ಉಂಗುರಗಳ ಸರ, ಪ್ರತಿ ಸಲ ಪೊರೆ ಕಳಚಿದಾಗಲೂ ಒಂದೊಂದಾಗಿ ಸೇರಿಕೊಳ್ಳುವ ಉಂಗುರಗಳು, ಅವನ್ನು ಅಲುಗಾಡಿಸಿ ‘ಇಲ್ಲಿದ್ದೇನೆ, ದೂರ ಸರಿ’ ಎಂದು ಸಾರುವ ಹಾವು. ಗಿಲಿಕೆ ಹಾವು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಆದರೆ ಅದೇ ಮಾತನ್ನು ಬೇರೊಂದು ವಾದ್ಯದಲ್ಲಿ ನುಡಿಸುವ ಹಾವು ದಖನ್ನಿನಲ್ಲಿದೆ. ಅದೇ ನಾವು ಕಂಡ ಗರಗಸ ಮಂಡಲ. ಅದರ ಪಕ್ಕೆಯ ಹುರುಪೆಗಳು ಓರೆಯಾಗಿ ಜೋಡಿಸಿಕೊಂಡಿರುತ್ತವೆ, ಒಂದೊಂದರ ನಡುವಿನ ಏಣಿಗೂ ಗರಗಸದಂಥ ಹಲ್ಲುಗಳಿರುತ್ತವೆ. ಬುಸುಗುಟ್ಟಿದರೆ ಉಸಿರಿನೊಡನೆ ಮೈಯ ತೇವವೂ ಹೋಗುತ್ತದೆ. ನೀರು ಕಡಿಮೆಯಿರುವ ಒಣನೆಲದ ಹಾವು ಆ ನಷ್ಟವನ್ನು ತಪ್ಪಿಸಿಕೊಳ್ಳಲು ಉಸಿರನ್ನು ಬಿಟ್ಟು ಚರ್ಮವನ್ನು ಮಾತನಾಡಿಸಲು ಕಲಿತಿರಬೇಕು ಎಂಬುದು ವಿಜ್ಞಾನಿಗಳ ಒಂದು ಊಹೆ. ನನಗೆ ಈ ಊಹೆ ಇಷ್ಟ. ಏಪ್ರಿಲ್ ತಿಂಗಳಲ್ಲಿ ಹೈದರಾಬಾದಿನ ಬಂಡೆಗಳ ಮೇಲೆ ನಡೆದವರಿಗೆ ಅದು ತೀರ ಸಹಜವೆಂದೇ ತೋರೀತು.

ಈ ಹಾವಿನ ನೆಪದಲ್ಲಿ ನಾನು ಹೇಳಹೊರಟಿರುವುದು ಹಾವಿನ ಕಥೆಯನ್ನಲ್ಲ, ಕಚ್ಚಿಸಿಕೊಂಡವರು ಈ ನಾಡಿನಲ್ಲಿ ಯಾರನ್ನು ಕೂಗಿದರು ಎಂಬ ಕಥೆಯನ್ನು.

ಮೊದಲು ಹೆಸರಿನ ಮಾತು. ‘ಮಂಡಲ’ ಎಂಬ ನಮ್ಮ ಪದ ಬಹಳ ಹಳೆಯದು. ಸುಶ್ರುತಸಂಹಿತೆಯ ಕಲ್ಪಸ್ಥಾನವು ಹಾವುಗಳನ್ನು ದರ್ವೀಕರ, ಮಂಡಲಿ, ರಾಜಿಮಂತ ಎಂದು ವಿಂಗಡಿಸುತ್ತದೆ. ಸೌಟಿನಂಥ ಹೆಡೆಯುಳ್ಳದ್ದು ದರ್ವೀಕರ, ಅಂದರೆ ನಾಗರ. ಮೈಮೇಲೆ ಗೆರೆಗಳಿರುವುದು ರಾಜಿಮಂತ. ಕಟ್ಟುಹಾವು ಇಲ್ಲಿಗೆ ಸೇರುತ್ತದೆ. ದುಂಡು ಮಚ್ಚೆಗಳಿರುವುದು ಮಂಡಲಿ. ಕನ್ನಡದ ಕೊಳಕು ಮಂಡಲ, ಗರಗಸ ಮಂಡಲಗಳು ಈ ಮೂರನೆಯ ಮನೆತನದವು. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಆದಿಕಾಲದಲ್ಲಿ, ಮಂಗರಾಜನೆಂಬ ಜೈನ ಕವಿ ವಿಷವೈದ್ಯಕ್ಕೆಂದೇ ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದ. ಖಗೇಂದ್ರನೆಂದರೆ ಗರುಡ, ಹಾವುಗಳ ವೈರಿ. ವಿಷದ ವಿಚಾರವು ಪಂಡಿತರ ಸಂಸ್ಕೃತದಲ್ಲಷ್ಟೇ ಉಳಿಯದೆ ಹಳ್ಳಿಯ ವೈದ್ಯನ ನುಡಿಗೆ ಬರಬೇಕೆಂಬ ತುರ್ತು ಆ ಕಾಲಕ್ಕೇ ಇತ್ತು ಎಂಬುದಕ್ಕೆ ಈ ಗ್ರಂಥವೇ ಸಾಕ್ಷಿ.

ಗರಗಸ ಮಂಡಲವು ಯುರೋಪಿನ ವಿಜ್ಞಾನದ ಪುಟ ಸೇರಿದ್ದು ತೆಲುಗು ಕರಾವಳಿಯ ದಾರಿಯಿಂದ. ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯ, ಸಿರಿಯಾದ ಅಲೆಪ್ಪೊದಲ್ಲಿ ಪ್ಲೇಗನ್ನು ಕಣ್ಣಾರೆ ಕಂಡವನು, 1781ರಲ್ಲಿ ತನ್ನ ತಮ್ಮನೊಡನೆ ವಿಶಾಖಪಟ್ಟಣಕ್ಕೆ ಬಂದ. 1785ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವನನ್ನು ಮದರಾಸು ಪ್ರಾಂತ್ಯದ ನಿಸರ್ಗಶಾಸ್ತ್ರಜ್ಞನನ್ನಾಗಿ ನೇಮಿಸಿತು. 1796ರಲ್ಲಿ ಹೊರಬಂದ ಅವನ ದೊಡ್ಡ ಗ್ರಂಥ ಕೋರಮಂಡಲ ತೀರದ ಹಾವುಗಳನ್ನು ಬಣ್ಣದ ಚಿತ್ರಗಳಲ್ಲಿ ತೋರಿಸಿತು. ಅದರ ಎರಡನೆಯ ಚಿತ್ರದ ಹೆಸರು ‘ಹೊರಟ್ಟ ಪಾಮ್’. ಆರಣಿಯಿಂದ ಬಂದ ಹಾವು ಅದು. ಅದೇ ನಮ್ಮ ಗರಗಸ ಮಂಡಲ. 1801ರಲ್ಲಿ ಜರ್ಮನಿಯ ಶ್ನೈಡರ್ ಈ ಚಿತ್ರವನ್ನೇ ಆಧಾರವಾಗಿಟ್ಟುಕೊಂಡು ಅದಕ್ಕೆ ಲ್ಯಾಟಿನ್ ಹೆಸರು ಕೊಟ್ಟ. ಇಂದಿಗೆ ಅದು ಎಕಿಸ್ ಕ್ಯಾರಿನೇಟಸ್. ‘ಹೊರಟ್ಟ’ ಎಂಬುದು ತಮಿಳಿನ ‘ಸುರುಟ್ಟೈ’ ಎಂಬುದರ ಕೆಟ್ಟ ಉಚ್ಚಾರವಿದ್ದೀತು. ಆದರೂ ಕನ್ನಡದ ಕಿವಿಗೆ ಅದರಲ್ಲಿ ‘ಒರಟು’ ಕೇಳಿಸದೆ ಇರದು. ಮೈ ಮುಟ್ಟಿದವನು ಕೊಡಬಹುದಾದ ಹೆಸರೂ ಅದೇ. ಕೊಳಕು ಮಂಡಲವನ್ನು ರಸೆಲ್ ‘ಕಾಟುಕ ರೇಕುಲ ಪೊಡ’ ಎಂದು ದಾಖಲಿಸಿದ: ಕಾಡಿಗೆಯ ಎಸಳುಗಳಂಥ ಮಚ್ಚೆಯುಳ್ಳದ್ದು. ಎಷ್ಟು ಚೆಲುವಾದ ಹೆಸರು! ಮುಂದೆ ಅದಕ್ಕೆ ರಸೆಲ್ಲನ ಹೆಸರೇ ಅಂಟಿಕೊಂಡಿತು, ಕಾಡಿಗೆಯ ಎಸಳು ಉದುರಿಹೋಯಿತು.

ರಸೆಲ್ಲನಿಗೆ ಬೇಕಿದ್ದದ್ದು ಚಿತ್ರಶಾಲೆಯಲ್ಲ. ವಿಷದ ಹಾವನ್ನೂ ನಿರ್ವಿಷ ಹಾವನ್ನೂ ಹಲ್ಲು ನೋಡಿ ಬೇರ್ಪಡಿಸುವುದು ಸಾಮಾನ್ಯರಿಗೂ ಸಾಧ್ಯವಾಗಬೇಕು ಎಂಬುದು ಅವನ ಆಸೆ. ಕೋಳಿ, ನಾಯಿಗಳಿಗೆ ಹಾವು ಕಚ್ಚಿಸಿ ಏನಾಗುತ್ತದೆಂದು ಬರೆದಿಟ್ಟುಕೊಂಡ. ಆಗ ಹೆಸರಾಗಿದ್ದ ತಂಜಾವೂರಿನ ಪಾಷಾಣದ ಗುಳಿಗೆಯನ್ನೂ ಪರೀಕ್ಷೆಗೆ ಒಡ್ಡಿದ. ಗುರುತು ಗೊತ್ತಿಲ್ಲದ ಹಾವು ಕಚ್ಚಿ ಬದುಕಿದವನು ಔಷಧದಿಂದ ಬದುಕಿದನೋ, ಹಾವಿನ ನಿರ್ವಿಷತೆಯಿಂದ ಬದುಕಿದನೋ ಎಂಬ ಪ್ರಶ್ನೆ ಅವನ ಕೆಲಸದ ಹಿಂದೆ ಉದ್ದಕ್ಕೂ ಇದೆ. ಈ ಪ್ರಶ್ನೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನೂರು ವರ್ಷಗಳ ಅನಂತರದ ಹೈದರಾಬಾದಿನಲ್ಲಿ ಅದನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಏಕೆಂದರೆ ಅಲ್ಲಿ ವೈದ್ಯನಾಗಿದ್ದವನು ಸ್ವತಃ ನಿಜಾಮ.

ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ 1869ರಲ್ಲಿ ಗದ್ದುಗೆ ಏರಿದಾಗ ಮೂರು ವರ್ಷವೂ ತುಂಬದ ಕೂಸು. 1884ರಲ್ಲಿ ವೈಸರಾಯ್ ರಿಪನ್ನನ ಸಮ್ಮುಖದಲ್ಲಿ ಪೂರ್ಣಾಧಿಕಾರ ವಹಿಸಿಕೊಂಡು 1911ರವರೆಗೆ ಆಳಿದ. ಕಲಬುರಗಿ, ರಾಯಚೂರು, ಬೀದರ್‌ಗಳ ನಮ್ಮ ಹಿರಿಯರು ಇವನ ಪ್ರಜೆಗಳು. ಹುಲಿಬೇಟೆಯ ಮರುಳ, ದುಂದುಗಾರ, ಮಾರುವೇಷದಲ್ಲಿ ಊರು ಸುತ್ತುವ ಅರಸ ಎಂದೆಲ್ಲ ಹಳೆಯ ಶಹರದವರು ಇವನನ್ನು ಅಕ್ಕರೆಯಿಂದ ನೆನೆಯುತ್ತಾರೆ. ಇವನ ಮಗ, ಏಳನೆಯ ನಿಜಾಮ ಉಸ್ಮಾನ್ ಅಲಿಯ ಮೇಲೆ ಜನರಿಗೆ ಇದ್ದದ್ದು ಭಯ, ಬೆರಗು, ಲೆಕ್ಕಾಚಾರ. ಮಹಬೂಬನ ಮೇಲೆ ಇದ್ದದ್ದು ಅಕ್ಕರೆ. ಆ ಅಕ್ಕರೆಯ ಒಂದು ದೊಡ್ಡ ಪಾಲು ಹಾವಿನದು.

ಮಹಬೂಬ್ ಪಾಷಾನಿಗೆ ಹಾವಿನ ವಿಷ ಇಳಿಸುವ ಶಕ್ತಿಯಿದೆ ಎಂದು ಜನ ನಂಬಿದ್ದರು. ಅದು ಎಲ್ಲಿಂದ ಬಂತು ಎಂಬುದಕ್ಕೆ ಜನರ ಬಾಯಲ್ಲಿ ಒಂದೇ ಉತ್ತರವಿಲ್ಲ. ಹಾವು ಕಚ್ಚಿಸಿಕೊಂಡವರು, ಅವರು ಯಾರೇ ಆಗಿರಲಿ, ಯಾವ ಹೊತ್ತಿನಲ್ಲಿಯೇ ಆಗಲಿ ತನ್ನ ಬಳಿಗೆ ಬರಬಹುದು ಎಂದು ಆತ ಅಪ್ಪಣೆ ಕೊಟ್ಟಿದ್ದ ಎನ್ನುತ್ತಾರೆ. ನಿದ್ದೆಯಲ್ಲಿದ್ದರೂ ಎಬ್ಬಿಸಬೇಕು, ಹಾಗೆ ಅವನನ್ನು ಎಬ್ಬಿಸಿದ ಪ್ರಸಂಗಗಳು ಒಂದೆರಡಲ್ಲ. ಅರಮನೆಯವರೆಗೆ ಬರಲಾಗದವನು ಏನು ಮಾಡಬೇಕು? ಸಿಕಂದರಾಬಾದಿಗೂ ವಾಡಿಗೂ 1874ರಲ್ಲೇ ರೈಲು ಓಡಲಾರಂಭಿಸಿತ್ತು, ನಿಜ. ಆದರೆ ತೊಗರಿ ಹೊಲದಲ್ಲಿ ಕಚ್ಚಿದ ಮಂಡಲ ರೈಲಿಗಾಗಿ ಕಾಯುವುದಿಲ್ಲ. ಅಂಥವನು ಇದ್ದಲ್ಲಿಂದಲೇ ‘ಮಹಬೂಬ್ ಪಾಷಾ ಕೀ ದುಹಾಯಿ’ ಎಂದು ಕೂಗಿದರೆ ಸಾಕು, ವಿಷ ಮೇಲೇರದೆ ನಿಲ್ಲುತ್ತದೆ ಎಂಬ ನಂಬಿಕೆ ಹರಡಿತ್ತು.

ಈ ‘ದುಹಾಯಿ’ ಎಂಬ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಬಹಳ ಮಂದಿ ಇದನ್ನು ಮಂತ್ರವೆಂದು ತಿಳಿಯುತ್ತಾರೆ. ಅದು ಮಂತ್ರವಲ್ಲ, ಫಿರ್ಯಾದು. ಅನ್ಯಾಯಕ್ಕೆ ಒಳಗಾದವನು ದೊರೆಯ ಹೆಸರು ಹಿಡಿದು ಕೂಗುವ ಕೂಗು ಅದು. ಕೂಗಿದ ಮೇಲೆ ಎದುರಾಳಿ ಕೈಯೆತ್ತಿದರೆ ಅವನು ದೊರೆಯ ಮೇಲೆಯೇ ಕೈಯೆತ್ತಿದಂತೆ. ಮರಾಠಿಯ ಮೂಲಕ ಅದೇ ಮಾತು ಕನ್ನಡಕ್ಕೆ ‘ದುರಾಯಿ’ಯಾಗಿ ಬಂತು. ಅದಕ್ಕೂ ಮೊದಲು ನಮ್ಮಲ್ಲಿದ್ದ ಪದ ‘ಆಣೆ’. ಹಳಗನ್ನಡದಲ್ಲಿ ಆಣೆಯೆಂದರೆ ಅರಸನ ಆಜ್ಞೆಯೂ ಹೌದು, ಪ್ರಮಾಣವೂ ಹೌದು. ಒಂದೇ ಪದ ಎರಡನ್ನೂ ಹೊರುತ್ತದೆ. ಅರಸನ ಆಣೆ ಇಟ್ಟರೆ ಎದುರಿಗಿದ್ದವನು ನಿಂತಲ್ಲಿಂದ ಕದಲುವಂತಿಲ್ಲ. ಹದಿಮೂರನೆಯ ಶತಮಾನದ ಕೊನೆಗೆ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಇದನ್ನೇ ವರ್ಣಿಸಿದ್ದಾನೆ: ಸಾಲ ಕೊಟ್ಟವನು ಸಾಲಗಾರನ ಸುತ್ತ ನೆಲದ ಮೇಲೆ ಒಂದು ಗೆರೆ ಎಳೆದರೆ, ಸಾಲ ತೀರಿಸದೆ ಅವನು ಆ ಗೆರೆ ದಾಟುವಂತಿರಲಿಲ್ಲ, ಅಲ್ಲಿನ ಅರಸನೇ ಒಮ್ಮೆ ಹಾಗೆ ಗೆರೆಯೊಳಗೆ ಸಿಕ್ಕು, ಸಾಲ ತೀರುವವರೆಗೂ ಕುದುರೆಯ ಮೇಲೆಯೇ ನಿಂತನಂತೆ.

ಮಹಬೂಬನ ಪ್ರಜೆ ಹಾವಿನ ಸುತ್ತ ಎಳೆದದ್ದು ಇದೇ ಗೆರೆ. ವಿಷವು ಅವನ ಪಾಲಿಗೆ ರೋಗವಾಗಿರಲಿಲ್ಲ, ಮೇಲೆ ಬಿದ್ದ ದುಷ್ಟನಾಗಿತ್ತು. ಪಟೇಲನಾಗಲಿ ಜಮೀನ್ದಾರನಾಗಲಿ ಮೇಲೆ ಬಿದ್ದಾಗ ಯಾರನ್ನು ಕೂಗುತ್ತಿದ್ದನೋ ವಿಷ ಮೇಲೇರಿದಾಗಲೂ ಅವನನ್ನೇ ಕೂಗಿದ. ಹಾಗೆ ನೋಡಿದರೆ ಈ ಕಥೆಯ ನಿಜವಾದ ಪವಾಡ ವಿಷ ಇಳಿದದ್ದಲ್ಲ, ದೊರೆ ಎದ್ದದ್ದು. ತಾಲ್ಲೂಕು ಕಚೇರಿಯ ಮೆಟ್ಟಿಲಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಬಡವನಿಗೆ ರಾಜ್ಯದ ಅತಿ ದೊಡ್ಡ ಬಾಗಿಲು ನಡುರಾತ್ರಿ ತೆರೆಯುವ ಒಂದೇ ಒಂದು ಸಂದರ್ಭ ಹಾವು ಕಚ್ಚಿದಾಗ. ಜನ ನೆನಪಿಟ್ಟುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ವಿಷ ಇಳಿಯಿತೆ? ಅಕ್ಕರೆಗೆ ಮಣಿದು ಈ ಪ್ರಶ್ನೆಯನ್ನು ಬಿಟ್ಟುಬಿಡುವುದು ಸರಿಯಲ್ಲ. ಅನೇಕರ ಪಾಲಿಗೆ ಇಳಿಯಿತು; ಏಕೆಂದರೆ ಅವರಲ್ಲಿ ಅನೇಕರಿಗೆ ವಿಷ ಏರಿಯೇ ಇರಲಿಲ್ಲ. ನಮ್ಮ ದೇಶದ ಹೆಚ್ಚಿನ ಜಾತಿಯ ಹಾವುಗಳು ಮನುಷ್ಯನ ಜೀವಕ್ಕೆ ಅಪಾಯ ತರುವಂಥವಲ್ಲ. ವಿಷದ ಹಾವೂ ಕೆಲವೊಮ್ಮೆ ಹಲ್ಲೂರಿ ವಿಷ ಬಿಡದೆ ಹೋಗುತ್ತದೆ. ಸುಶ್ರುತ ಇದನ್ನು ಬಲ್ಲ. ಕಡಿತಗಳನ್ನು ಸರ್ಪಿತ, ರದಿತ, ನಿರ್ವಿಷ ಎಂದು ವಿಂಗಡಿಸುವಾಗ ಹಲ್ಲಿನ ಗುರುತಿದ್ದೂ ವಿಷವಿಲ್ಲದ ಕಡಿತಕ್ಕೆ ಅವನು ಬೇರೆಯೇ ಸ್ಥಾನ ಕೊಟ್ಟಿದ್ದಾನೆ. ಇನ್ನೂ ಮುಂದೆ ಹೋಗಿ, ಹಾವಿನ ಮೈ ತಾಗಿದ ಮಾತ್ರಕ್ಕೇ ಅಂಜುಬುರುಕನಿಗೆ ಬಾವು ಬರುವುದುಂಟು ಎಂದೂ ಗುರುತಿಸುತ್ತಾನೆ. ಭಯದಿಂದ ಬೆವರಿ, ಉಸಿರುಗಟ್ಟಿ, ಕಣ್ಣು ಕತ್ತಲೆಗಟ್ಟಿದವನಿಗೆ ದೊರೆ ಎದ್ದು ಬಂದು ಮುಟ್ಟಿದರೆ ಅದಕ್ಕಿಂತ ದೊಡ್ಡ ಔಷಧ ಯಾವುದು?

ನಾಗರ, ಕಟ್ಟುಹಾವುಗಳ ವಿಷ ಗಂಟೆಗಳಲ್ಲಿ ತೀರ್ಪು ಹೇಳುತ್ತದೆ. ಗರಗಸ ಮಂಡಲದ ಬಗೆ ಬೇರೆ; ಇಲ್ಲಿಯೇ ಕಥೆ ಕಹಿಯಾಗುತ್ತದೆ. ಅದು ಕಚ್ಚಿದಾಗ ತಕ್ಷಣ ಕಾಣುವುದು ಉರಿ ಮತ್ತು ಬಾವು, ಅದೂ ಕೆಲವೊಮ್ಮೆ ಅಲ್ಪ. ವಿಷ ರಕ್ತದೊಳಗೆ ಕೆಲಸ ಮಾಡುತ್ತದೆ. ಹೆಪ್ಪುಗಟ್ಟಿಸುವ ಪದಾರ್ಥವನ್ನೆಲ್ಲ ಒಳಗೊಳಗೇ ಖರ್ಚು ಮಾಡಿಸಿ ರಕ್ತವನ್ನು ನೀರಿನಂತೆ ಹರಿಯಬಿಡುತ್ತದೆ. ಒಸಡಿನಲ್ಲಿ ರಕ್ತ, ಮೂತ್ರದಲ್ಲಿ ರಕ್ತ, ಹಳೆಯ ಗಾಯದಲ್ಲಿ ಮತ್ತೆ ರಕ್ತ. ಸಾವು ಬರುವುದಾದರೆ ಅನೇಕ ವೇಳೆ ಕೆಲವು ದಿನಗಳ ಅನಂತರ, ಮಿದುಳಿನಲ್ಲಿಯೋ ಹೊಟ್ಟೆಯಲ್ಲಿಯೋ ರಕ್ತಸ್ರಾವವಾಗಿ. ದುಹಾಯಿ ಕೂಗಿ, ಮರುದಿನ ಎದ್ದು ಕುಳಿತು, ದೊರೆಯನ್ನು ಹರಸಿ ಮನೆಗೆ ನಡೆದವನು ಐದನೆಯ ದಿನ ತೀರಿಕೊಂಡರೆ ಆ ಸಾವು ಹಾವಿನ ಲೆಕ್ಕಕ್ಕೂ ಬರುವುದಿಲ್ಲ, ದುಹಾಯಿಯ ಲೆಕ್ಕಕ್ಕೂ ಬರುವುದಿಲ್ಲ. ಬದುಕಿದವರು ಮಾತ್ರ ಕಥೆ ಹೇಳಿದರು. ಸತ್ತವರ ದಾಖಲೆ ಅರಮನೆಯಲ್ಲಿ ಇರಲು ಸಾಧ್ಯವಿರಲಿಲ್ಲ.

ಇದನ್ನು ಬರೆಯುವಾಗ ಮಹಬೂಬನನ್ನು ಹಳೆಯ ಕಾಲದ ಮೂಢ ದೊರೆಯೆಂದು ಚಿತ್ರಿಸುವ ಉದ್ದೇಶ ನನಗಿಲ್ಲ. ಹಾಗೆ ಚಿತ್ರಿಸಲು ಇತಿಹಾಸವೂ ಬಿಡುವುದಿಲ್ಲ. ಅದೇ ದೊರೆಯ ಅದೇ ಊರಿನಲ್ಲಿ, ಅವನ ಹಣದಿಂದಲೇ, ಆ ಕಾಲದ ಜಗತ್ತಿನ ಒಂದು ದೊಡ್ಡ ವೈದ್ಯಕೀಯ ಪ್ರಯೋಗ ನಡೆಯಿತು. 1846ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ವೈದ್ಯಶಾಲೆ ಉರ್ದುವಿನಲ್ಲಿ ಪಾಶ್ಚಾತ್ಯ ವೈದ್ಯವನ್ನು ಕಲಿಸುತ್ತಿತ್ತು. ರೆಸಿಡೆನ್ಸಿಯ ಸರ್ಜನ್ ಎಡ್ವರ್ಡ್ ಲಾರಿ ಅದರ ಮುಖ್ಯಸ್ಥ. ಶಸ್ತ್ರಚಿಕಿತ್ಸೆಯಲ್ಲಿ ಕ್ಲೋರೋಫಾರಂ ಕೊಟ್ಟಾಗ ರೋಗಿ ಸಾಯುವುದು ಉಸಿರು ನಿಂತೇ ಹೊರತು ಹೃದಯ ನಿಂತಲ್ಲ ಎಂಬುದು ಅವನ ಹಟದ ವಾದ. 1888ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರಂ ಆಯೋಗ ಹಾಗೆಂದೇ ವರದಿ ಮಾಡಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಒಪ್ಪಲಿಲ್ಲ. ಆಗ ನಿಜಾಮನ ಸರ್ಕಾರ ಸಾವಿರ ಪೌಂಡು ಕೊಟ್ಟು, ನಿಮ್ಮ ಕಡೆಯ ಒಬ್ಬ ಪರಿಣತನನ್ನೇ ಕಳುಹಿಸಿ, ಪ್ರಯೋಗ ಅವನ ಕಣ್ಣೆದುರಿಗೇ ಆಗಲಿ ಎಂದಿತು. 1889ರಲ್ಲಿ ಹಾಗೆ ಬಂದವನು ಲಾಡರ್ ಬ್ರಂಟನ್. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ನಾಯಿಗಳು, ಕೋತಿಗಳು, ಕುದುರೆಗಳು ಕೂಡ. ಈ ಕೆಲಸದಲ್ಲಿ ಭಾಗಿಯಾದವರಲ್ಲಿ ಹೈದರಾಬಾದಿನ ವೈದ್ಯಶಾಲೆಯಲ್ಲೇ ಕಲಿತ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಮಹಿಳೆಯೂ ಇದ್ದರು.

ಬ್ರಂಟನ್ ಯಾರು? ಹಾವಿನ ಕಥೆಗೆ ಅವನು ಹೊರಗಿನವನಲ್ಲ. ಕಲ್ಕತ್ತದ ಜೋಸೆಫ್ ಫೇರರ್ 1872ರಲ್ಲಿ ‘ಥನಟೋಫಿಡಿಯಾ’ ಎಂಬ ಬೃಹದ್ಗ್ರಂಥವನ್ನು ಪ್ರಕಟಿಸಿ, ಭಾರತದ ವಿಷಸರ್ಪಗಳನ್ನು ಚಿತ್ರಿಸಿ, ಪ್ರಚಲಿತವಿದ್ದ ಮದ್ದುಗಳನ್ನೆಲ್ಲ ಪರೀಕ್ಷಿಸಿ, ಯಾವುದೂ ನಿಜವಾದ ಪ್ರತಿವಿಷವಲ್ಲ ಎಂದು ಸಾರಿದ್ದ. ಬೇರು, ಕಲ್ಲು, ಅಮೋನಿಯ ಯಾವುದೂ ಅಲ್ಲ. ಆ ದಶಕದಲ್ಲಿ ಫೇರರ್‌ನೊಡನೆ ಕೂಡಿ ಹಾವಿನ ವಿಷ ದೇಹದೊಳಗೆ ಏನು ಮಾಡುತ್ತದೆಂದು ಸಂಶೋಧಿಸಿ ರಾಯಲ್ ಸೊಸೈಟಿಗೆ ಪ್ರಬಂಧಗಳನ್ನು ಒಪ್ಪಿಸಿದವನೇ ಈ ಬ್ರಂಟನ್. ಹಾವಿನ ವಿಷದ ಬಗ್ಗೆ ಜಗತ್ತಿನಲ್ಲಿ ಆಗ ಅತಿ ಹೆಚ್ಚು ತಿಳಿದಿದ್ದವರಲ್ಲಿ ಒಬ್ಬ ಹೈದರಾಬಾದಿನಲ್ಲಿ ಕುಳಿತು ಕ್ಲೋರೋಫಾರಮ್ಮಿನ ಪ್ರಯೋಗ ಮಾಡುತ್ತಿದ್ದಾಗ, ಅದೇ ಊರಿನ ಅರಮನೆಗೆ ರಾತ್ರಿಯ ಹೊತ್ತು ಹಾವು ಕಚ್ಚಿದವರನ್ನು ಹೊತ್ತು ತರುತ್ತಿದ್ದರು ಎಂಬುದನ್ನು ನೆನೆದರೆ ಇತಿಹಾಸದ ವಿನೋದಕ್ಕೆ ಏನೆನ್ನಬೇಕೋ ತಿಳಿಯದು. ಇಬ್ಬರ ನಡುವೆ ಈ ಮಾತು ಬಂದಿತೋ ಇಲ್ಲವೋ. ಬಂದಿದ್ದರೆ ಬ್ರಂಟನ್ ದೊರೆಗೆ ಕೊಡಬಹುದಾಗಿದ್ದ ಮದ್ದು ಯಾವುದೂ ಇರಲಿಲ್ಲ. ಆ ವರ್ಷ ಲಂಡನ್ನಿನ ವಿಜ್ಞಾನಕ್ಕೂ ದಖನ್ನಿನ ದುಹಾಯಿಗೂ ಹಾವಿನ ಮುಂದೆ ಇದ್ದ ಬಲ ಒಂದೇ.

ಮುಂದೆ ಬ್ರಂಟನ್ ಒಂದು ಮದ್ದು ತಂದ. 1904ರಲ್ಲಿ ಫೇರರ್, ಲಿಯೊನಾರ್ಡ್ ರಾಜರ್ಸ್ ಜೊತೆ ಸೇರಿ ಅವನು ಪ್ರಚಾರಕ್ಕೆ ತಂದದ್ದು ಪುಟ್ಟ ಚೂರಿ. ಅದರ ಟೊಳ್ಳು ಹಿಡಿಯೊಳಗೆ ಪೊಟ್ಯಾಸಿಯಂ ಪರ್ಮ್ಯಾಂಗನೇಟಿನ ಹರಳುಗಳು. ಕಚ್ಚಿದ ಜಾಗವನ್ನು ಕೊಯ್ದು ಹರಳುಗಳನ್ನು ಉಜ್ಜಬೇಕು. ಗಾಜಿನ ಪಾತ್ರೆಯಲ್ಲಿ ಆ ಹರಳು ವಿಷವನ್ನು ನಿಷ್ಕ್ರಿಯಗೊಳಿಸುತ್ತದೆ, ನಿಜ. ಮನುಷ್ಯನ ಮಾಂಸದೊಳಗೆ ಅದು ವಿಷವನ್ನು ಹಿಂಬಾಲಿಸಲಾರದು, ಮಾಂಸವನ್ನು ಮಾತ್ರ ಸುಡುತ್ತದೆ. ಗರಗಸ ಮಂಡಲ ಕಚ್ಚಿದವನಿಗಂತೂ ಚೂರಿ ಹಾಕುವುದೆಂದರೆ ಹೆಪ್ಪುಗಟ್ಟದ ರಕ್ತಕ್ಕೆ ಇನ್ನೊಂದು ಬಾಗಿಲು ತೆರೆದಂತೆ. ಆದರೂ ಈ ಚೂರಿ ವರ್ಷಗಟ್ಟಲೆ ಹಂಚಿಕೆಯಾಯಿತು. ಯಾವುದು ಹೆಚ್ಚು ಹಾನಿ ಮಾಡಿತು, ಪ್ರಯೋಗಶಾಲೆಯ ಚೂರಿಯೋ ಅರಮನೆಯ ದುಹಾಯಿಯೋ ಎಂದು ಯಾರಾದರೂ ಕೇಳಿದರೆ ನಾನು ದುಹಾಯಿಯ ಕಡೆಗೇ ವಾಲುತ್ತೇನೆ: ಅದು ಕನಿಷ್ಠ ಕೊಯ್ಯುತ್ತಿರಲಿಲ್ಲ. ಲಾರಿಯ ಕ್ಲೋರೋಫಾರಂ ವಾದವೂ ಉಳಿಯಲಿಲ್ಲ. ಹೃದಯವೇ ಹಠಾತ್ತನೆ ತಾಳ ತಪ್ಪಿ ನಿಲ್ಲಬಹುದೆಂದು ಲೆವಿ ಎಂಬ ವೈದ್ಯ 1911ರಲ್ಲಿ ತೋರಿಸಿದ. ಅದೇ ವರ್ಷ ಆಗಸ್ಟ್ 29ರಂದು ಫಲಕ್‌ನುಮಾ ಅರಮನೆಯಲ್ಲಿ ಮಹಬೂಬ್ ಅಲಿ ತೀರಿಕೊಂಡ.

ನಿಜವಾದ ಪ್ರತಿವಿಷ ಬಂದದ್ದು ಬೇರೆ ದಾರಿಯಲ್ಲಿ. ಸೈಗಾನಿನಲ್ಲಿ ನಾಗರಹಾವುಗಳ ಹಾವಳಿಯನ್ನು ಕಂಡಿದ್ದ ಫ್ರೆಂಚ್ ವೈದ್ಯ ಆಲ್ಬೇರ್ ಕಾಲ್ಮೆಟ್ 1890ರ ದಶಕದ ನಡುವೆ, ಪ್ರಾಣಿಗೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋಗಿ ಅದರ ರಕ್ತರಸದಿಂದ ಮದ್ದು ಮಾಡಿದ. ಒಂದು ಹಾವಿನ ರಸ ಎಲ್ಲ ಹಾವಿಗೂ ಸಾಕು ಎಂದು ಅವನು ನಂಬಿದ್ದ. ಸಾಲದು ಎಂಬುದನ್ನು ತೋರಿಸಿದವರಲ್ಲಿ ಮುಂಬಯಿಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಲ್ಯಾಂಬ್ ಪ್ರಮುಖ: ನಾಗರದ ರಸ ಮಂಡಲದ ವಿಷಕ್ಕೆ ಏನೂ ಮಾಡದು. ಅಂದರೆ ರಸೆಲ್ಲನ ಹಳೆಯ ಪಾಠವೇ ಹಿಂತಿರುಗಿತು. ಮೊದಲು ಯಾವ ಹಾವೆಂದು ತಿಳಿ. ಕಚ್ಚಿಸಿಕೊಂಡವನಿಗೆ ಅದು ಕತ್ತಲಲ್ಲಿ ತಿಳಿಯದು. ಆದ್ದರಿಂದ ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಟ್ಟಿಗೆ ಒದಗುವ ರಸವನ್ನು ಕುದುರೆಗಳಿಂದ ತಯಾರಿಸುವ ಪದ್ಧತಿ ನಮ್ಮಲ್ಲಿ ನೆಲೆಗೊಂಡಿತು. ಇದಕ್ಕೆ ಬೇಕಾದ ವಿಷದ ಬಹುಪಾಲನ್ನು ದಶಕಗಳಿಂದ ಒದಗಿಸುತ್ತಿರುವುದು ಚೆನ್ನೈ ಬಳಿ ಇರುಳರು 1978ರಲ್ಲಿ ಕಟ್ಟಿಕೊಂಡ ಹಾವಾಡಿಗರ ಸಹಕಾರ ಸಂಘ. ರಸ ತಯಾರಿಸುವ ಕೆಲವೇ ಭಾರತೀಯ ಕಂಪನಿಗಳಲ್ಲಿ ವಿನ್ಸ್ ಬಯೋಪ್ರಾಡಕ್ಟ್ಸ್, ಬಯಾಲಜಿಕಲ್ ಇ ಎರಡೂ ಹೈದರಾಬಾದಿನವು. ದುಹಾಯಿಯ ಊರು ಈಗ ಮದ್ದಿನ ಊರು. ಹಾಗೆಂದು ಮದ್ದು ಪರಿಪೂರ್ಣವಲ್ಲ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ, ದಕ್ಷಿಣದ ವಿಷದಿಂದ ಮಾಡಿದ ರಸ ಎಲ್ಲೆಡೆ ಸಮನಾಗಿ ಫಲಿಸದು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ.

ಮಂಡಲದ ಕಡಿತವನ್ನು ಗುರುತಿಸುವ ಪರೀಕ್ಷೆ ಮಾತ್ರ ಎಷ್ಟು ಸರಳವೆಂದರೆ, ಮಂಗರಾಜನ ಕಾಲದ ವೈದ್ಯನಿಗೆ ಹೇಳಿದ್ದರೂ ಅವನು ಮಾಡುತ್ತಿದ್ದ. ಒಣಗಿದ, ಶುಚಿಯಾದ ಗಾಜಿನ ನಳಿಗೆಯಲ್ಲಿ ರೋಗಿಯ ಎರಡು ಮಿಲಿಲೀಟರ್ ರಕ್ತ ತೆಗೆದು ಅಲುಗಿಸದೆ 20 ನಿಮಿಷ ಇಡಬೇಕು. ಆಮೇಲೆ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಒಳಗಿದೆ, ರಸ ಏರಿಸಬೇಕು. ಅಷ್ಟೆ. ದೊಡ್ಡ ಯಂತ್ರ ಬೇಡ. ನಳಿಗೆ ಬೇಕು, ಗಡಿಯಾರ ಬೇಕು, ರಸ ಬೇಕು, ಮತ್ತು ಆ ಹೊತ್ತಿಗೆ ಎಚ್ಚರವಾಗಿರುವ ಒಬ್ಬ ವೈದ್ಯರು ಬೇಕು.

ಈ ಕೊನೆಯದೇ ಇನ್ನೂ ಎಲ್ಲ ಕಡೆ ಸಿಕ್ಕುತ್ತಿಲ್ಲ. 2020ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವು ಹಳ್ಳಿಗಳಲ್ಲಿ, ಸುಮಾರು ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಿತ್ತನೆ, ಕಳೆ ತೆಗೆಯುವ ದಿನಗಳಲ್ಲಿ. ಒಟ್ಟು ಸಾವಿನಲ್ಲಿ ಸುಮಾರು ನೂರಕ್ಕೆ 70 ಪಾಲು ಹೊತ್ತ ಎಂಟು ರಾಜ್ಯಗಳ ಪಟ್ಟಿಯಲ್ಲಿ ತೆಲಂಗಾಣವನ್ನೂ ಸೇರಿಸಿ ಎಣಿಸಿದ ಆಂಧ್ರಪ್ರದೇಶವಿದೆ. ಸರ್ಕಾರಿ ಲೆಕ್ಕಗಳಲ್ಲಿ ಇದರ ಒಂದು ಸಣ್ಣ ಅಂಶ ಮಾತ್ರ ಕಾಣಿಸುತ್ತಿತ್ತು. ಆಸ್ಪತ್ರೆ ತಲುಪದೆ ಸತ್ತವರನ್ನು ಎಣಿಸುವವರಿರಲಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮುಂದಿನ ತಿಂಗಳೇ ಕೇಂದ್ರ ಸರ್ಕಾರ 2030ರ ಹೊತ್ತಿಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಕಾರ್ಯಯೋಜನೆಯನ್ನು ಹೊರಡಿಸಿತು. ಅರಮನೆಯ ದಾಖಲೆಯಲ್ಲಿ ಇಲ್ಲದ ಐದನೆಯ ದಿನದ ಸಾವುಗಳು ಇನ್ನು ಮೇಲಾದರೂ ಒಂದು ಪುಸ್ತಕಕ್ಕೆ ಬಂದಾವು.

ಮಹಬೂಬ್ ಅಲಿಯ ಗೋರಿ ಮಕ್ಕಾ ಮಸೀದಿಯ ಅಂಗಳದ ಪಕ್ಕದಲ್ಲಿ, ಇತರ ಅಸಫ್‌ಜಾಹಿ ದೊರೆಗಳ ಸಾಲಿನಲ್ಲಿದೆ. ಆತನ ಮರಣಾನಂತರವೂ ದುಹಾಯಿಯ ನಂಬಿಕೆ ಒಮ್ಮೆಗೇ ಅಳಿಯಲಿಲ್ಲ. ಹಳೆಯ ಶಹರದಲ್ಲಿ ಇಂದಿಗೂ ಹಿರಿಯರ ಬಾಯಲ್ಲಿ ಆ ಕಥೆ ಬರುತ್ತದೆ, ಹೇಳುವಾಗ ಅವರ ದನಿ ಸ್ವಲ್ಪ ಮೆತ್ತಗಾಗುತ್ತದೆ. ಈಗ ಹೈದರಾಬಾದಿನಲ್ಲಿ ಮನೆಯೊಳಗೆ ಹಾವು ಬಂದರೆ ಜನ ಕರೆಯುವುದು ಹಾವು ಹಿಡಿಯುವ ಸ್ವಯಂಸೇವಕರನ್ನು. 1995ರಲ್ಲಿ ಆರಂಭವಾದ ಫ್ರೆಂಡ್ಸ್ ಆಫ್ ಸ್ನೇಕ್ಸ್ ಸೊಸೈಟಿಯವರು ಅಂಥವರು. ಅವರು ಹಾವನ್ನು ಕೊಲ್ಲದೆ ಒಯ್ದು ಕಾಡಿಗೆ ಬಿಡುತ್ತಾರೆ. ಮಳೆಗಾಲದಲ್ಲಿ ಇಂಥವರ ಫೋನಿಗೆ ಬಿಡುವಿರುವುದಿಲ್ಲ.

ಖಾಜಾಗುಡದಲ್ಲಿ ನಾವು ಕೂಗಬೇಕಾದ ಪ್ರಸಂಗ ಬರಲಿಲ್ಲ. ಗೆಳೆಯರು ಸದ್ದಿಲ್ಲದೆ ಒಂದು ಹೆಜ್ಜೆ ಹಿಂದೆ ಇಟ್ಟರು, ನಾನೂ ಇಟ್ಟೆ. ಇನ್ನೊಂದು, ಮತ್ತೊಂದು. ಐದಾರು ಹೆಜ್ಜೆಯಾದ ಮೇಲೆ ಒಗ್ಗರಣೆ ನಿಂತಿತು. ತಲೆಯ ಮೇಲಿನ ಹಕ್ಕಿಹೆಜ್ಜೆಯಂಥ ಬಿಳಿ ಗುರುತು ಆಗ ಸ್ಪಷ್ಟವಾಗಿ ಕಂಡಿತು. ಹಾವು ಸುರುಳಿ ಬಿಚ್ಚಿ, ಪಕ್ಕಕ್ಕೆ ಪಕ್ಕಕ್ಕೆ ಮೈ ಎಸೆಯುತ್ತ, ಇನ್ನೂರೈವತ್ತು ಕೋಟಿ ವರ್ಷ ಹಳೆಯ ಗ್ರಾನೈಟಿನ ಒಂದು ಬಿರುಕಿನೊಳಗೆ ಇಳಿದುಹೋಯಿತು. ಬೆಟ್ಟದ ಆ ಬದಿಯಿಂದ ಬಂಡೆ ಕೊರೆಯುವ ಯಂತ್ರದ ಸದ್ದು ಕೇಳುತ್ತಿತ್ತು.